ಹಸಿರುಮನೆಯ ಗಾಳಿ, ಹಗೇವಿನ ಗಾಳಿ



ವಿಜಾಪುರ ರಸ್ತೆಯ ಆಚೀಚೆ ಹೊಲವಿರುವ ನಮ್ಮ ಕೆಲವು ಕುಟುಂಬಗಳ ಯುವಕರು ಪಾಲಿಹೌಸ್ ಹಾಕುವ ವಿಚಾರದಲ್ಲಿದ್ದಾರೆ. ಪೂಜೆಯ ನಂತರ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಫಾದರ್, ಪಾಲಿಹೌಸಿನ ಒಳಗ ಇಂಗಾಲಾಮ್ಲ ಬಿಡೋ ಯಂತ್ರ ಇಟ್ಟರ ಬೆಳಿ ಜಾಸ್ತಿ ಬರತದಂತ, ಖರೇನ? ಯಂತ್ರ ತುಟ್ಟಿ ಆದರ ಇದ್ದಲಿ ಶೇಗಡಿ ಇಟ್ಟರ ನಡೀತದೇನು?"

ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗಿದೆ. ಎರಡನೆಯದಕ್ಕೆ ಒಂದೇ ಮಾತು: ಬೇಡವೇ ಬೇಡ.

ಗಿಡದ ಎಲೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಯಿಗಳಿವೆ. ಹಗಲು ಹೊತ್ತು ಅವುಗಳ ಮೂಲಕ ಇಂಗಾಲಾಮ್ಲ, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲ, ಒಳಗೆ ಹೋಗುತ್ತದೆ. ಬೇರಿನಿಂದ ಬಂದ ನೀರು, ಮೇಲಿನ ಬಿಸಿಲು, ಈ ಅನಿಲ, ಮೂರೂ ಸೇರಿ ಎಲೆಯಲ್ಲಿ ಸಕ್ಕರೆ ತಯಾರಾಗುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಬಹಳ ಕಡಿಮೆ: ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ. ನಾಲ್ಕೂ ಕಡೆ ಮುಚ್ಚಿದ ಮನೆಯಲ್ಲಿ ಗಿಡಗಳು ಅದನ್ನೂ ತಿಂದು ಮುಗಿಸುತ್ತ ಬರುತ್ತವೆ. ಆಗ ನೀರು, ಗೊಬ್ಬರ ಎಷ್ಟಿದ್ದರೂ ಬೆಳವಣಿಗೆ ಹಿಂದೆ ಬೀಳುತ್ತದೆ. ಈ ಕೊರತೆ ತುಂಬಿ, ಪ್ರಮಾಣವನ್ನು 800ರಿಂದ 1,000 ಭಾಗದವರೆಗೆ ಏರಿಸಿದರೆ ಟೊಮೆಟೊ, ಸವತೆ, ಡೊಣ್ಣ ಮೆಣಸಿನಕಾಯಿ, ಹೂವಿನ ಬೆಳೆಗಳಲ್ಲಿ ಇಳುವರಿ ಚೆನ್ನಾಗಿ ಹೆಚ್ಚುತ್ತದೆ. ಇದು ಸುಳ್ಳಲ್ಲ, ಹಾಲೆಂಡಿನ ರೈತರು ವರ್ಷಾನುಗಟ್ಟಲೆ ಮಾಡುತ್ತ ಬಂದ ಕೆಲಸ.

ಯಂತ್ರವೆಂದರೆ ದೊಡ್ಡ ವಿದ್ಯೆಯೇನಿಲ್ಲ. ಗ್ಯಾಸ್ ಉರಿಸುವ ಒಂದು ಒಲೆ, ಅಷ್ಟೆ. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿದರೆ ಸುಮಾರು ಮೂರು ಕಿಲೋ ಇಂಗಾಲಾಮ್ಲ, ಒಂದೂವರೆ ಕಿಲೋಕ್ಕಿಂತ ಹೆಚ್ಚು ನೀರಾವಿ, ಜೊತೆಗೆ ಬೇಕಾದಷ್ಟು ಶಾಖ ಹುಟ್ಟುತ್ತದೆ. ಹಾಲೆಂಡಿನ ಚಳಿಯಲ್ಲಿ ಆ ಶಾಖವೂ ಬೇಕು. ಹಗಲು ಅನಿಲವನ್ನು ಗಿಡಕ್ಕೆ ಕೊಟ್ಟು, ಬಿಸಿನೀರನ್ನು ದೊಡ್ಡ ಟಾಕಿಯಲ್ಲಿ ಹಿಡಿದಿಟ್ಟು, ರಾತ್ರಿ ಮನೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಸೊಲ್ಲಾಪುರಕ್ಕೆ ಶಾಖ ಹೊರಗಿನಿಂದ ತರಬೇಕೇ? ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಊರು ನಮ್ಮದು. ಇಲ್ಲಿ ಪಾಲಿಹೌಸಿನ ಪಕ್ಕದ ಪರದೆ, ಮೇಲಿನ ಕಿಂಡಿ ತೆರೆದಿಡದಿದ್ದರೆ ಗಿಡ ಬೆಂದು ಹೋಗುತ್ತದೆ. ತೆರೆದರೆ ಅನಿಲ ಹಾರಿ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. 20 ಗುಂಟೆಯ, ಸರಾಸರಿ ಐದು ಮೀಟರ್ ಎತ್ತರದ ಪಾಲಿಹೌಸಿನಲ್ಲಿ ಸುಮಾರು 10,000 ಘನ ಮೀಟರ್ ಗಾಳಿ ಇರುತ್ತದೆ. ಇಂಗಾಲಾಮ್ಲವನ್ನು 400ರಿಂದ 1,000ಕ್ಕೆ ಏರಿಸಲು ಒಂದು ಸಲಕ್ಕೆ ನಾಲ್ಕು ಕಿಲೋದಷ್ಟು ಗ್ಯಾಸ್ ಸಾಕು. ಅಗ್ಗವೆನಿಸುತ್ತದೆ. ಆದರೆ ಕಿಂಡಿ ತೆರೆದಾಗ ಒಳಗಿನ ಗಾಳಿ ಗಂಟೆಗೆ 20 ಸಲ ಬದಲಾಯಿತೆಂದು ಇಟ್ಟುಕೊಳ್ಳೋಣ. ಆಗ ಅದೇ ಮಟ್ಟ ಉಳಿಸಲು ಗಂಟೆಗೆ ಅಡುಗೆಮನೆಯ ಐದು ಸಿಲಿಂಡರ್ ಬೇಕು! ಮೇಲಾಗಿ ಮನೆಬಳಕೆಯ ಸಿಲಿಂಡರನ್ನು ಇಂಥ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ. ಇನ್ನು ಆ ನೀರಾವಿ ಎಲೆಯ ಮೇಲೆ ಕುಳಿತರೆ ಬೂಷ್ಟು ರೋಗಕ್ಕೆ ಆಹ್ವಾನ. ಉರಿ ಸರಿಯಾಗಿಲ್ಲದಿದ್ದರೆ ಎಥಿಲೀನ್ ಹುಟ್ಟುತ್ತದೆ. ಬಾಳೆಕಾಯಿ ಹಣ್ಣು ಮಾಡುವ ಅನಿಲವೇ ಅದು. ಅದರ ಒಂದಿಷ್ಟು ಸೋಂಕಿಗೇ ಟೊಮೆಟೊ ಹೂವು ಉದುರುತ್ತದೆ.

ನಮ್ಮ ಭಾಗದ ಮುಖ್ಯ ಬೆಳೆಗಳಾದ ಜೋಳ, ಸಜ್ಜೆ, ಗೋವಿನಜೋಳ, ಕಬ್ಬುಗಳಿಗೆ ಈ ಉಪಚಾರ ಬೇಕಾಗಿಯೇ ಇಲ್ಲ. ಇಂಗಾಲಾಮ್ಲವನ್ನು ಎಲೆಯೊಳಗೇ ಒಂದೆಡೆ ಗುಡ್ಡೆ ಹಾಕಿಕೊಳ್ಳುವ ಉಪಾಯವನ್ನು ದೇವರು ಅವುಗಳಿಗೆ ಹುಟ್ಟಿನಿಂದಲೇ ಕೊಟ್ಟಿದ್ದಾನೆ. ಕಬ್ಬಿನ ಎಲೆಯಲ್ಲಿ ಈ ಮಾರ್ಗವನ್ನು 1966ರಲ್ಲಿ ವಿವರಿಸಿದವರು ಆಸ್ಟ್ರೇಲಿಯಾದಲ್ಲಿ ಸಂಶೋಧನೆ ನಡೆಸಿದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು. ಒಣ ಬೇಸಾಯದ ನಮ್ಮ ಮಾಲದಂಡಿ ಜೋಳ ಯಾವ ಯಂತ್ರವನ್ನೂ ಕೇಳದೆ ಬೆಳೆದು ಬಂದಿರುವುದರಲ್ಲಿ ಇದರ ಪಾಲೂ ಇದೆ.

ಹಾಗಾದರೆ ಪಾಲಿಹೌಸಿನವರು ಏನು ಮಾಡಬೇಕು? ರಾತ್ರಿ ಗಿಡ ಮತ್ತು ಮಣ್ಣು ಉಸಿರಾಡಿ ಬಿಟ್ಟ ಇಂಗಾಲಾಮ್ಲ ಬೆಳಗಿನವರೆಗೆ ಒಳಗೇ ಇರುತ್ತದೆ. ಬಿಸಿಲು ಬಿದ್ದ ಮೇಲೆ ಗಿಡಗಳು ಅದನ್ನು ಬೇಗ ಬಳಸಿಕೊಳ್ಳುತ್ತವೆ. ಆಮೇಲೆ ಪರದೆ ತೆರೆಯಲು ತಡ ಮಾಡಬಾರದು. ಹೊರಗಿನ ಗಾಳಿ ಎಂದರೆ ಬಿಟ್ಟಿ ಗೊಬ್ಬರ. ಮಡಿಗಳಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಿದರೆ ಅದು ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತ ಎಲೆಗಳ ಬುಡದಲ್ಲೇ ಇಂಗಾಲಾಮ್ಲ ಬಿಡುತ್ತದೆ. ಅಣಬೆ ಬೆಳೆಯುವವರ ಸಂಗತಿ ಇದಕ್ಕೆ ತದ್ವಿರುದ್ಧ. ಅಣಬೆಗೆ ಹಸಿರೆಲೆ ಇಲ್ಲ. ಅದು ನಮ್ಮ ಹಾಗೆಯೇ ಇಂಗಾಲಾಮ್ಲವನ್ನು ಹೊರಗೆ ಬಿಡುತ್ತದೆ. ಕೋಣೆಯಲ್ಲಿ ಅದು ಹೆಚ್ಚಾದರೆ ಕಾಂಡ ಉದ್ದವಾಗಿ ಕೊಡೆ ಸಣ್ಣದಾಗುತ್ತದೆ. ಅಲ್ಲಿ ಗಾಳಿಯಾಡಿಸುವುದೇ ಕೆಲಸ.

ಇನ್ನು ಶೇಗಡಿಯ ಮಾತು. ಮುಚ್ಚಿದ ಜಾಗದಲ್ಲಿ ಇದ್ದಲಿ ಉರಿದಾಗ ಇಂಗಾಲಾಮ್ಲವೊಂದೇ ಹುಟ್ಟುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ದಣಿವೆಂದು ಮಲಗಿದವರು ಏಳುವುದಿಲ್ಲ. ಚಳಿಗಾಲದಲ್ಲಿ ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಡುವ ರೂಢಿಯಿರುವ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ತಾಯಂದಿರು ದಯವಿಟ್ಟು ಗಮನಿಸಬೇಕು.

ಇಂಗಾಲಾಮ್ಲವೂ ಬಡಪಾಯಿಯಲ್ಲ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕಾದ ಕ್ಯಾಮರೂನ್ ದೇಶದ ನಿಯೋಸ್ ಸರೋವರದ ತಳದಿಂದ ಈ ಅನಿಲ ಉಕ್ಕಿ ಕಣಿವೆಗಳಿಗೆ ಇಳಿದಾಗ ಸುಮಾರು 1,700 ಜನ ಸತ್ತರು, ದನಗಳೂ ಸಾವಿರಾರು ಸತ್ತವು. ಅಷ್ಟು ದೂರ ಯಾಕೆ, ನಮ್ಮ ಹಗೇವನ್ನೇ ನೋಡಿ. ಗಟ್ಟಿ ನೆಲದಲ್ಲಿ ಅಗೆದು, ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳು ಮತ್ತು ಹುಳ ಉಸಿರಾಡಿ ಆಮ್ಲಜನಕ ತೀರಿ, ಇಂಗಾಲಾಮ್ಲ ತುಂಬಿಕೊಳ್ಳುತ್ತಿತ್ತು. ಹುಳ ಸಾಯುತ್ತಿತ್ತು, ಜೋಳ ಕೆಡದೆ ಉಳಿಯುತ್ತಿತ್ತು. ನಮ್ಮ ಹಿರಿಯರ ಆ ಜಾಣತನಕ್ಕೆ ಶರಣೆನ್ನಬೇಕು. ಆದರೆ ಹುಳ ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ನೂರಕ್ಕೆ ನಾಲ್ಕು ಭಾಗವಾದರೆ ಪ್ರಾಣಕ್ಕೆ ಅಪಾಯ, ಹತ್ತಾದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ.

ಹಗೇವಿನಲ್ಲಿ ಕಂದೀಲು ಇಳಿಸಿ ನೋಡುವ ಪದ್ಧತಿ ಹಳೆಯದು. ಕಂದೀಲು ಆರಿದರೆ ಇಳಿಯಬಾರದು, ಇದು ನಿಜ. ಆದರೆ ಉರಿದರೆ ಇಳಿಯಬಹುದೆಂಬುದು ನಿಜವಲ್ಲ. ದೀಪ ಉರಿಯುವ ಗಾಳಿಯಲ್ಲೂ ಮನುಷ್ಯ ಬೀಳುವಷ್ಟು ಇಂಗಾಲಾಮ್ಲ ಇರಬಲ್ಲದು. ಗೋಬರ್ ಗ್ಯಾಸಿನ ಗುಂಡಿಗೆ, ಸಂಡಾಸಿನ ಗುಂಡಿಗೆ ದೀಪವನ್ನು ಹತ್ತಿರವೂ ತರಬಾರದು, ಅಲ್ಲಿನ ಅನಿಲ ಸಿಡಿಯುತ್ತದೆ. ಹಗೇವು, ಹಾಳು ಬಾವಿಗಳ ಬಾಯಿ ತೆಗೆದು ಹಾಗೇ ಬಹಳ ಹೊತ್ತು ಬಿಟ್ಟು, ಬ್ಲೋವರಿನಿಂದ ತಳದವರೆಗೆ ಹೊಸ ಗಾಳಿ ಊದಬೇಕು. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದಿರಬೇಕು.

ಇಂಥ ಗುಂಡಿಗಳಲ್ಲಿ ಒಬ್ಬನು ಬಿದ್ದಾಗ ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ತಂದೆ ಇಳಿಯುತ್ತಾನೆ. ಒಂದೇ ಮನೆಯಿಂದ ಎರಡು ಮೂರು ಶವಪೆಟ್ಟಿಗೆ ಹೊರಡುವುದು ಹೀಗೆ. ಪ್ರೀತಿಯಿಂದಲೇ ಇಳಿಯುತ್ತಾರೆ, ಅದನ್ನು ನಾವು ಬಲ್ಲೆವು. ಆದರೂ ಇಳಿಯಬೇಡಿ. ಹಗ್ಗವಿದ್ದರೆ ಮೇಲಿನಿಂದಲೇ ಎಳೆಯಿರಿ. ಇಲ್ಲದಿದ್ದರೆ ಬ್ಲೋವರ್ ಹಚ್ಚಿ, 112ಕ್ಕೆ ಅಥವಾ 108ಕ್ಕೆ ಫೋನ್ ಮಾಡಿ, ಒಳಗೆ ವಿಷಗಾಳಿ ಇದೆಯೆಂದು ಮೊದಲೇ ತಿಳಿಸಿ. ಮೇಲೆ ಬಂದವನನ್ನು ಬಯಲಿಗೆ ಒಯ್ದು ಅಂಗಿಯ ಗುಂಡಿ ಸಡಿಲಿಸಿ. ಉಸಿರು ನಿಂತಿದ್ದರೆ ಕೃತಕ ಉಸಿರಾಟ ಕೊಡುತ್ತಲೇ ಆಸ್ಪತ್ರೆಗೆ ಸಾಗಿಸಿ. ಶೇಗಡಿಯ ಹೊಗೆಯಿಂದ ಮಂಕಾದವರು ಎದ್ದು ಕೂತು "ಈಗ ಆರಾಮ ಅದೇನಿ" ಎಂದರೂ ಆಮ್ಲಜನಕ ಸಿಗುವ ಆಸ್ಪತ್ರೆಗೆ ಅಂದೇ ಕರೆದೊಯ್ಯಬೇಕು.