ಮೆಗ್ನೀಷಿಯಂ ನೈಟ್ರೇಟ್: ಗಿಡಕ್ಕೆ ಗೊಬ್ಬರ, ಹಸುವಿಗೆ ವಿಷ



ಹನಿ ನೀರಾವರಿ ಹೆಚ್ಚಿದಂತೆ ಬಾಳೆ, ಟೊಮ್ಯಾಟೊ ಬೆಳೆಯುವ ಸದಸ್ಯರ ಮನೆಗಳಲ್ಲಿ ಹೊಸ ಹೊಸ ಗೊಬ್ಬರದ ಚೀಲಗಳು ಕಾಣುತ್ತಿವೆ. ಅವುಗಳಲ್ಲಿ ಮೆಗ್ನೀಷಿಯಂ ನೈಟ್ರೇಟ್ ಒಂದು. ನೋಡಲು ಬಿಳಿಯ ಹರಳು. ನೀರಿಗೆ ಹಾಕಿದರೆ ತಕ್ಷಣ ಕರಗುತ್ತದೆ. ನಾವು ರಾಸುಗಳಿಗೆ ಕೊಡುವ ಭೇದಿ ಉಪ್ಪೂ ಹೀಗೆಯೇ ಇರುತ್ತದೆ. "ಎರಡರಲ್ಲೂ ಮೆಗ್ನೀಷಿಯಂ ಇದೆಯಲ್ಲ ಸ್ವಾಮಿ, ಯಾವುದಾದರೇನು?" ಎಂದು ಯಾರಿಗಾದರೂ ಅನ್ನಿಸಬಹುದು. ಇದರ ಉತ್ತರ ಒಂದು ರಾಸಿನ ಜೀವದ ಪ್ರಶ್ನೆಯಾದ್ದರಿಂದ ಸ್ವಲ್ಪ ವಿವರವಾಗಿ ತಿಳಿಯೋಣ.

ಇದು ಎಂಥ ಲವಣ?

ಮೆಗ್ನೀಷಿಯಂ ಒಂದು ಹಗುರ ಲೋಹ. ಪ್ರಕೃತಿಯಲ್ಲಿ ಅದು ಒಂಟಿಯಾಗಿ ಸಿಗುವುದಿಲ್ಲ, ಯಾವಾಗಲೂ ಜೊತೆಗಾರನೊಂದಿಗೆ ಇರುತ್ತದೆ. ನಮ್ಮ ಮೈಸೂರು ತಾಲ್ಲೂಕಿನ ದೊಡ್ಡಕಾನ್ಯದ ಸುತ್ತ ಹಿಂದೆ ಅಗೆದು ತೆಗೆಯುತ್ತಿದ್ದ ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲು ಮೆಗ್ನೀಷಿಯಂ ಕಾರ್ಬೊನೇಟ್. ಈ ಕಲ್ಲಿನ ಪುಡಿಗೆ ನೈಟ್ರಿಕ್ ಆಮ್ಲ ಹಾಕಿದರೆ ಗುಳ್ಳೆಯೆದ್ದು ಇಂಗಾಲಾಮ್ಲ ಅನಿಲ ಹೊರಟುಹೋಗಿ ಮೆಗ್ನೀಷಿಯಂ ನೈಟ್ರೇಟ್ ಉಳಿಯುತ್ತದೆ. ಗಂಧಕಾಮ್ಲ ಹಾಕಿದರೆ ಸಿಗುವುದು ಮೆಗ್ನೀಷಿಯಂ ಸಲ್ಫೇಟ್, ಅಂದರೆ ಭೇದಿ ಉಪ್ಪು.

ಗೊಬ್ಬರವಾಗಿ ಸಿಗುವ ಮೆಗ್ನೀಷಿಯಂ ನೈಟ್ರೇಟ್ ಹರಳಿನಲ್ಲಿ ಪ್ರತಿ ಅಣುವಿಗೆ ಆರು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಅಂಥ ಶುದ್ಧ ಹರಳು 100 ಗ್ರಾಂ ತೆಗೆದುಕೊಂಡರೆ ಮೆಗ್ನೀಷಿಯಂ ಸುಮಾರು 9.5 ಗ್ರಾಂ, ನೈಟ್ರೇಟ್ ಸುಮಾರು 48 ಗ್ರಾಂ. ಭೇದಿ ಉಪ್ಪಿನಲ್ಲಿ ಮೆಗ್ನೀಷಿಯಂ ಸುಮಾರು 9.9 ಗ್ರಾಂ, ನೈಟ್ರೇಟ್ ಸೊನ್ನೆ. ಮೆಗ್ನೀಷಿಯಂ ಲೆಕ್ಕದಲ್ಲಿ ಎರಡೂ ಒಂದೇ. ವ್ಯತ್ಯಾಸವೆಲ್ಲ ಜೊತೆಗಾರನದು.

ಇದರ ಉಪಯೋಗಗಳು

ಎಲೆಯ ಹಸಿರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತಿನ ನಡುವೆ ಇರುವುದು ಮೆಗ್ನೀಷಿಯಂ. ಅದು ಸಾಲದಿದ್ದರೆ ಹಳೆಯ ಎಲೆಗಳ ನರ ಹಸಿರಾಗಿಯೇ ಉಳಿದು ನಡುಭಾಗ ಹಳದಿಯಾಗುತ್ತದೆ. ಆಗ ಈ ಗೊಬ್ಬರವನ್ನು ಎಲೆಗೆ ಸಿಂಪಡಿಸಿದರೆ ಅಥವಾ ಹನಿ ನೀರಿನಲ್ಲಿ ಕೊಟ್ಟರೆ ಮೆಗ್ನೀಷಿಯಂ ಜೊತೆಗೆ ಸಾರಜನಕವೂ ಸಿಗುತ್ತದೆ. ಕಾರ್ಖಾನೆಗಳಲ್ಲಿ ನೈಟ್ರಿಕ್ ಆಮ್ಲದ ನೀರಿನಂಶ ತೆಗೆದು ಗಟ್ಟಿಗೊಳಿಸಲೂ ಇದನ್ನು ಬಳಸುತ್ತಾರೆ. ನೀರನ್ನು ಹೀರುವ ಗುಣ ಇದಕ್ಕೆ ಅಷ್ಟಿದೆ. ಚೀಲದ ಬಾಯಿ ತೆರೆದಿಟ್ಟರೆ ಹರಳು ಗಾಳಿಯ ತೇವ ಹೀರಿ ನೀರಾಗುವುದು ಈ ಕಾರಣಕ್ಕೇ.

ಇನ್ನೊಂದು ಗುಣವನ್ನೂ ನೆನಪಿಡಬೇಕು. ಕಾಸಿದಾಗ ನೈಟ್ರೇಟ್ ಒಡೆದು ಆಮ್ಲಜನಕ ಬಿಡುತ್ತದೆ. ತಾನು ಉರಿಯದಿದ್ದರೂ ಉರಿಯುವುದಕ್ಕೆ ಇಂಬು ಕೊಡುತ್ತದೆ. ಇದರ ಸಂಬಂಧಿಯಾದ ಪೆಟ್ಲುಪ್ಪನ್ನು ಮದ್ದುಗುಂಡಿಗೆ ಬಳಸುತ್ತಿದ್ದುದು ಇದರಿಂದಲೇ. ಆದ್ದರಿಂದ ಹುಲ್ಲಿನ ಮೆದೆ, ಸೀಮೆಎಣ್ಣೆ, ಒಲೆ ಇವುಗಳ ಹತ್ತಿರ ಈ ಚೀಲ ಇಡಬಾರದು.

ಹಸುವಿನ ಹೊಟ್ಟೆಯಲ್ಲಿ ಏನಾಗುತ್ತದೆ?

ಹಸುವಿಗೆ ಮೆಗ್ನೀಷಿಯಂ ಬೇಕೇ ಬೇಕು. ಒಂದು ಲೀಟರ್ ಹಾಲಿನಲ್ಲಿ ಸುಮಾರು 0.12 ಗ್ರಾಂ ಮೆಗ್ನೀಷಿಯಂ ಹೊರಹೋಗುತ್ತದೆ. ಮೂಳೆಯಲ್ಲಿರುವ ದಾಸ್ತಾನು ವಯಸ್ಸಾದ ಹಸುವಿಗೆ ಬೇಕೆಂದಾಗ ಸುಲಭವಾಗಿ ದೊರೆಯುವುದಿಲ್ಲ. ಹೀಗಾಗಿ ಪ್ರತಿದಿನವೂ ಆಹಾರದಿಂದಲೇ ಬರಬೇಕು. ತೀರಾ ಕಡಿಮೆಯಾದರೆ ನಡುಕ, ಸೆಳವು ಬರುತ್ತದೆ. ಆದರೆ ಇದಕ್ಕೆ ಸರಿಯಾದ ದಾರಿ ಲವಣ ಮಿಶ್ರಣವೇ ಹೊರತು ಗೊಬ್ಬರದ ಚೀಲವಲ್ಲ.

ನೈಟ್ರೇಟ್ ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆ ಸೇರಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಮೋನಿಯ ಆಗಿ ಬದಲಿಸುತ್ತವೆ. ಸ್ವಲ್ಪಸ್ವಲ್ಪವಾಗಿ ಬಂದರೆ ತೊಂದರೆಯಿಲ್ಲ. ಒಮ್ಮೆಲೇ ಹೆಚ್ಚು ಬಂದರೆ ಎರಡನೆಯ ಕೆಲಸ ಹಿಂದೆ ಬಿದ್ದು ನೈಟ್ರೈಟ್ ರಕ್ತಕ್ಕೆ ಸೇರುತ್ತದೆ. ಅದು ರಕ್ತದ ಕೆಂಪುಬಣ್ಣದ ಹಿಮೋಗ್ಲೋಬಿನ್ ಅನ್ನು ಕೆಡಿಸಿ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಹಸು ಉಸಿರಾಡುತ್ತಲೇ ಇರುತ್ತದೆ, ಆದರೆ ಆ ಉಸಿರು ಮೈಗೆ ತಲುಪುವುದಿಲ್ಲ.

ದೇಹತೂಕದ ಪ್ರತಿ ಕಿಲೋಗೆ ಸುಮಾರು ಅರ್ಧ ಗ್ರಾಂ ನೈಟ್ರೇಟ್ ಒಮ್ಮೆಗೇ ಸೇರಿದರೆ ಪ್ರಾಣಾಪಾಯವಿದೆ. 400 ಕಿಲೋ ತೂಕದ ಹಸುವಿಗೆ ಇದು 200 ಗ್ರಾಂ. ಮೆಗ್ನೀಷಿಯಂ ನೈಟ್ರೇಟ್ ಹರಳಿನ ಲೆಕ್ಕದಲ್ಲಿ 420 ಗ್ರಾಂನಷ್ಟು. ಮಲಬದ್ಧತೆಗೆ ಪಶುವೈದ್ಯರು ಹೇಳುವ ಭೇದಿ ಉಪ್ಪಿನ ಪ್ರಮಾಣವೂ ದೊಡ್ಡ ಹಸುವಿಗೆ ಕೆಲವು ನೂರು ಗ್ರಾಂಗಳೇ. ಅಂದರೆ ಚೀಲ ಅದಲುಬದಲಾದರೆ, ಔಷಧದ ಒಂದು ಗುಟುಕೇ ಸಾವಿನ ಗುಟುಕಾಗಬಹುದು.

ಮೇವಿನಿಂದಲೂ ಬರುತ್ತದೆ

ಚೀಲ ಮನೆಗೆ ತರದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಗಿಡ ನೈಟ್ರೇಟನ್ನು ಬೇರಿನಿಂದ ಹೀರಿ ಬಿಸಿಲಿನ ಶಕ್ತಿಯಿಂದ ಸಸಾರಜನಕವನ್ನಾಗಿ ಮಾಡಿಕೊಳ್ಳುತ್ತದೆ. ಮಳೆ ಹೋಗಿ ಬಾಡಿದ ಬೆಳೆ, ಬಾಡಿದ ಮೇಲೆ ಮಳೆ ಬಿದ್ದು ಥಟ್ಟನೆ ಚಿಗುರಿದ ಬೆಳೆ, ದಿನಗಟ್ಟಲೆ ಮೋಡ ಕವಿದ ಹವೆ, ಈಗಷ್ಟೇ ಯೂರಿಯಾ ಕೊಟ್ಟ ಹೊಲ ಇಂಥ ಕಡೆ ಈ ಕೆಲಸ ನಿಧಾನವಾಗಿ ಕಾಂಡದಲ್ಲಿ ನೈಟ್ರೇಟ್ ಕೂಡಿಬೀಳುತ್ತದೆ. ಜೋಳ, ಮುಸುಕಿನ ಜೋಳ, ನೇಪಿಯರ್ ಹುಲ್ಲಿನಲ್ಲಿ ಇದು ಹೆಚ್ಚು. ಅದರಲ್ಲೂ ಕಾಂಡದ ಬುಡದಲ್ಲಿ.

ಪಟ್ಟಣದ ಚರಂಡಿ ನೀರಿನಲ್ಲೂ ಸಾರಜನಕ ಧಾರಾಳ. ಮೈಸೂರಿನ ಕೃಷ್ಣಮೂರ್ತಿಪುರಂಗೆ ಸಮೀಪದ ವಿದ್ಯಾರಣ್ಯಪುರಂನಲ್ಲಿ ಒಂದು ಜಾಗಕ್ಕೆ ಸೂಯೇಜ್ ಫಾರಂ ಎಂಬ ಹೆಸರೇ ಉಳಿದಿದೆ. ಯಾವುದೇ ಊರಿನ ಅಂಚಿನಲ್ಲಿ ಇಂಥ ನೀರಿನಿಂದ ಬೆಳೆದ ಕಡುಹಸಿರು ಹುಲ್ಲನ್ನು ಹಸಿದ ರಾಸಿಗೆ ಹೊಟ್ಟೆತುಂಬ ಹಾಕುವ ಮುನ್ನ ಯೋಚಿಸಬೇಕು. ಒಣತೂಕದಲ್ಲಿ ನೈಟ್ರೇಟ್ ಶೇಕಡಾ 1 ಮೀರಿದ ಮೇವು ಅಪಾಯಕಾರಿ.

ಗುರುತಿಸುವುದು ಹೇಗೆ?

ಮೇವು ತಿಂದ ಕೆಲವೇ ಗಂಟೆಗಳಲ್ಲಿ ಏದುಸಿರು, ನಡುಕ, ತೂರಾಡುವಿಕೆ, ಕೊನೆಗೆ ಕುಸಿದುಬೀಳುವುದು. ಒಸಡು ಮತ್ತು ಕಣ್ಣಿನ ಒಳರೆಪ್ಪೆ ಕಂದು ಅಥವಾ ನೀಲಿ ಛಾಯೆಗೆ ತಿರುಗುತ್ತದೆ. ರಕ್ತ ಚಾಕೊಲೇಟ್ ಬಣ್ಣದ್ದಾಗಿರುತ್ತದೆ. ಎಳೆಯ ಜೋಳದ ಸಯನೈಡ್ ವಿಷದಲ್ಲಿ ರಕ್ತ ಕಡುಕೆಂಪಾಗಿರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಬದುಕುಳಿದ ಗಬ್ಬದ ಹಸು ಕೆಲವು ದಿನಗಳಲ್ಲಿ ಕಂದು ಹಾಕಬಹುದು.

ಆಗ ಮೇವನ್ನು ಕೂಡಲೇ ತೆಗೆಯಿರಿ. ಹಸುವನ್ನು ಓಡಿಸಬೇಡಿ, ನಡೆಸಲೂ ಬೇಡಿ. ಬಾಯಿಗೆ ಏನನ್ನೂ ಹುಯ್ಯಬೇಡಿ. ಏದುಸಿರಿನಲ್ಲಿ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಪಶುವೈದ್ಯರಿಗೆ ಹೇಳಿಕಳುಹಿಸಿ, ತಿಂದ ಮೇವಿನ ಒಂದು ಹಿಡಿ ತೆಗೆದಿಡಿ. ಮೆಥಿಲೀನ್ ಬ್ಲೂ ಎಂಬ ಔಷಧವನ್ನು ಅವರು ರಕ್ತನಾಳಕ್ಕೆ ಕೊಟ್ಟರೆ ಹಿಮೋಗ್ಲೋಬಿನ್ ಮತ್ತೆ ಸರಿಹೋಗುತ್ತದೆ. ಸಮಯಕ್ಕೆ ಸಿಕ್ಕಿದರೆ ರಾಸು ಉಳಿಯುತ್ತದೆ.

ಸದಸ್ಯರು ಪಾಲಿಸಬೇಕಾದ ಕ್ರಮಗಳು

1. ಗೊಬ್ಬರವನ್ನು ಕೊಟ್ಟಿಗೆಯಲ್ಲಾಗಲಿ, ಹಿಂಡಿ ಬೂಸಾ ಇಡುವ ಕೋಣೆಯಲ್ಲಾಗಲಿ ಇಡಬೇಡಿ.
2. ಖಾಲಿಯಾದ ಗೊಬ್ಬರದ ಚೀಲದಲ್ಲಿ ಬೂಸಾ, ಹಿಂಡಿ ತುಂಬಬೇಡಿ.
3. ಗೊಬ್ಬರ ಕರಗಿಸಿದ ತೊಟ್ಟಿಯನ್ನು ಮುಚ್ಚಿಡಿ. ಉಪ್ಪಿನ ರುಚಿಗೆ ರಾಸುಗಳು ಬಾಯಿ ಹಾಕುತ್ತವೆ. ಸಿಂಪಡಿಸುವ ಯಂತ್ರವನ್ನು ಕುಡಿಯುವ ನೀರಿನ ತೊಟ್ಟಿಯ ಬಳಿ ತೊಳೆಯಬೇಡಿ.
4. ಹೆಸರಿಲ್ಲದ ಪೊಟ್ಟಣದ ಬಿಳಿ ಹರಳನ್ನು ಯಾವ ರಾಸಿಗೂ ಕೊಡಬೇಡಿ. ಭೇದಿ ಉಪ್ಪನ್ನು ಪಶುವೈದ್ಯರ ಸಲಹೆಯಂತೆ ಔಷಧದಂಗಡಿಯಿಂದಲೇ ತನ್ನಿ.
5. ಬರದ ನಂತರದ ಮೊದಲ ಮಳೆಗೆ ಚಿಗುರಿದ ಮೇವನ್ನು ಒಂದು ವಾರವಾದರೂ ಬಿಟ್ಟು, ಬುಡದಿಂದ ಅರ್ಧ ಅಡಿ ಮೇಲೆ ಕೊಯ್ಯಿರಿ.
6. ಮೊದಲು ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು ಹಾಕಿ, ಆಮೇಲೆ ಹಸಿ ಮೇವನ್ನು ಎರಡು ಮೂರು ಬಾರಿಗೆ ಹಂಚಿ ಕೊಡಿ.
7. ಅನುಮಾನದ ಮೇವನ್ನು ರಸಮೇವು ಮಾಡಿದರೆ ನೈಟ್ರೇಟ್ ಸಾಕಷ್ಟು ತಗ್ಗುತ್ತದೆ. ಬರೀ ಒಣಗಿಸಿದರೆ ತಗ್ಗುವುದಿಲ್ಲ.

ಗಿಡದ ಗೊಬ್ಬರ ಗಿಡಕ್ಕಿರಲಿ, ಹಸುವಿನ ಲವಣ ಹಸುವಿಗಿರಲಿ. ಮೇವಿನ ಬಗ್ಗೆ ಅನುಮಾನವಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ಪಶುವೈದ್ಯರಿಗೆ ತಿಳಿಸಿ. ಹಾಕುವ ಮುಂಚೆ ಕೇಳುವುದರಿಂದ ಯಾರಿಗೂ ನಷ್ಟವಿಲ್ಲ.