ಸರ್ಕಾರಿ ನೌಕರರು ಅಂಗಡಿ ಇಡಬಹುದೇ?

ಪಿಯುಸಿ ಮುಗಿದ ಮೇಲೆ ಮುಂದೇನು ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ಸರ್ಕಾರಿ ಕೆಲಸ ಎನ್ನುತ್ತಾರೆ. ಜೊತೆಗೆ ಅನೇಕರ ಮನೆಯಲ್ಲಿ ಅಂಗಡಿಯೋ, ಗ್ಯಾರೇಜೋ, ಟೈಲರಿಂಗೋ ಇದೆ. ಕೆಲಸ ಸಿಕ್ಕಿದ ಮೇಲೆ ಸಂಜೆ ಹೊತ್ತು ಮನೆಯ ವ್ಯಾಪಾರ ನೋಡಿಕೊಳ್ಳಬಹುದೇ? ಆಫೀಸು ಬಿಟ್ಟ ಮೇಲಿನ ಸಮಯ ನಮ್ಮದೇ ಅಲ್ಲವೇ? ನಿಯಮ ಹಾಗೆ ಹೇಳುವುದಿಲ್ಲ.

ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳಿವೆ. ಅವುಗಳಲ್ಲಿ 15ನೇ ನಿಯಮದ ಪ್ರಕಾರ, ಮೊದಲೇ ಅನುಮತಿ ಪಡೆಯದೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವ್ಯಾಪಾರ ಮಾಡುವಂತಿಲ್ಲ, ಬೇರೆ ಉದ್ಯೋಗ ಹಿಡಿಯುವಂತಿಲ್ಲ. ಕರ್ನಾಟಕ ಸರ್ಕಾರದ ನೌಕರರಿಗೆ ಪ್ರತ್ಯೇಕ ನಿಯಮಗಳಿವೆ. 1966ರ ಹಳೆಯ ನಿಯಮಗಳ ಬದಲಿಗೆ 2021ರಲ್ಲಿ ಹೊಸ ನಿಯಮಗಳು ಬಂದವು.

ಇಷ್ಟು ಬಿಗಿ ಏಕೆ? ಅಂಚೆ ಕಚೇರಿಯ ಒಬ್ಬ ನೌಕರರ ಪತ್ನಿ ವಿಮಾ ಏಜೆಂಟ್ ಎಂದುಕೊಳ್ಳೋಣ. ಏಜೆನ್ಸಿ ನಡೆಸುವುದು ತಪ್ಪಲ್ಲ. ಆದರೆ ಆ ವಿಷಯವನ್ನು ನೌಕರರು ಇಲಾಖೆಗೆ ತಿಳಿಸಲೇಬೇಕು, ಏಜೆನ್ಸಿಯ ಪರ ಪ್ರಚಾರ ಮಾಡಬಾರದು. ಉಳಿತಾಯದ ಹಣ ಕಟ್ಟಲು ಬಂದ ಅಜ್ಜಿಗೆ ಅವರು "ಈ ಪಾಲಿಸಿ ತಗೊಳ್ಳಿ" ಎಂದರೆ ಅಜ್ಜಿ ನಂಬುತ್ತಾರೆ. ಆ ನಂಬಿಕೆ ಕೌಂಟರಿನ ಹಿಂದಿರುವ ಕುರ್ಚಿಗೆ ಸಿಕ್ಕಿದ್ದು. ಅದನ್ನು ಮನೆಯ ಲಾಭಕ್ಕೆ ಬಳಸಬಾರದು. ವಾಣಿಜ್ಯದ ಭಾಷೆಯಲ್ಲಿ ಇದೇ ಹಿತಾಸಕ್ತಿಯ ಸಂಘರ್ಷ.

ಷೇರು ವಿಷಯದಲ್ಲೂ ಹೀಗೆಯೇ. ಆಗೊಮ್ಮೆ ಈಗೊಮ್ಮೆ ಹೂಡಿಕೆ ಮಾಡಬಹುದು. ಪದೇ ಪದೇ ಕೊಂಡು ಮಾರುತ್ತಿದ್ದರೆ 16ನೇ ನಿಯಮ ಅದನ್ನು ಸಟ್ಟಾ ಎಂದೇ ಎಣಿಸುತ್ತದೆ. ಮೊಬೈಲಿನಲ್ಲಿ ದಿನವೂ ಟ್ರೇಡಿಂಗ್ ಮಾಡುವವರು ಇದನ್ನು ತಿಳಿದಿರಬೇಕು.

ಶಿಕ್ಷಕರಿಗೆ ಕಾಯ್ದೆಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ಅದರಡಿ ಬರುವ ಶಾಲೆಗಳ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ತರಗತಿಯಲ್ಲಿ ಅರ್ಧ ಕಲಿಸಿ ಉಳಿದದ್ದನ್ನು ಟ್ಯೂಷನ್ನಿಗೆ ಇಟ್ಟುಕೊಂಡರೆ ಫೀಸು ಕಟ್ಟಲಾಗದ ಮಕ್ಕಳ ಗತಿ ಏನು?

ಎಲ್ಲವೂ ನಿಷೇಧವಲ್ಲ. ಸಂಬಳವಿಲ್ಲದ ಸಮಾಜ ಸೇವೆ, ಅಪರೂಪಕ್ಕೆ ಕಥೆ, ಲೇಖನ ಬರೆಯುವುದು, ಹವ್ಯಾಸವಾಗಿ ಕ್ರೀಡೆಯಲ್ಲಿ ಭಾಗವಹಿಸುವುದು, ಇವಕ್ಕೆ ಕೇಂದ್ರದ ನಿಯಮದಲ್ಲಿ ಮುಂಚಿತ ಅನುಮತಿ ಬೇಕಿಲ್ಲ. ಕಚೇರಿ ಕೆಲಸಕ್ಕೆ ಮಾತ್ರ ತೊಂದರೆಯಾಗಬಾರದು.

ನಿಯಮ ಮೀರಿದರೆ ಇಲಾಖೆಯ ಶಿಸ್ತುಕ್ರಮ ಎದುರಿಸಬೇಕು. ಅಷ್ಟೇ ಅಲ್ಲ, ವ್ಯಾಪಾರ ಮಾಡಬಾರದೆಂದು ಕಾನೂನಿನ ಕಟ್ಟಿಗೆ ಒಳಪಟ್ಟ ಸಾರ್ವಜನಿಕ ನೌಕರರು ವ್ಯಾಪಾರ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 202ನೇ ಸೆಕ್ಷನ್ ಅಡಿ ಅದು ಅಪರಾಧ. ಒಂದು ವರ್ಷದವರೆಗೆ ಸಾದಾ ಸಜೆ, ದಂಡ, ಎರಡೂ, ಇಲ್ಲವೇ ಸಮುದಾಯ ಸೇವೆ ವಿಧಿಸಬಹುದು.

ನಮ್ಮ ಮನೆಯ ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ನೌಕರರನ್ನು ಕೆಲಸದಿಂದ ದೂರ ಇಡುವುದು. ಮೊದಲನೆಯದನ್ನು ಮರೆತವರಿಗೆ ಎರಡನೆಯದು ಎದುರಾಗುತ್ತದೆ.

ಆದ್ದರಿಂದ ಮುಂದೆ ನೇಮಕಾತಿ ಆದೇಶ ಕೈಗೆ ಬಂದಾಗ ಸಂಬಳದ ಸಾಲಿನ ಜೊತೆ ನಡತೆ ನಿಯಮಗಳನ್ನೂ ಓದಿ. ಮನೆಯ ವ್ಯಾಪಾರದ ಪಾಲುದಾರಿಕೆ ಪತ್ರದಲ್ಲಿ ನಿಮ್ಮ ಹೆಸರಿದ್ದರೆ ಮೊದಲೇ ಇಲಾಖೆಗೆ ತಿಳಿಸಿ. ಅನುಮಾನವಿದ್ದರೆ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಅರ್ಜಿ ಬರೆದು ಲಿಖಿತ ಉತ್ತರ ಪಡೆಯಿರಿ.