ಹಾಡುವ ಗಿಳಿಗಳ ಜೀರ್ಣೋದ್ಧಾರ

ಕ್ಯಾಲಿಫೋರ್ನಿಯಾದ ಆನಾಹೈಮ್‌ನ ಡಿಸ್ನಿಲ್ಯಾಂಡ್ ಉದ್ಯಾನದಲ್ಲಿ ಹುಲ್ಲು ಚಾವಣಿಯ ಒಂದು ಮಂಟಪವಿದೆ. ಹೆಸರು ಎನ್‌ಚಾಂಟೆಡ್ ಟಿಕಿ ರೂಮ್. 1963ರ ಜೂನ್ 23ರಂದು ಬಾಗಿಲು ತೆರೆದ ಈ ಮಂಟಪದಲ್ಲಿ ಗೋಡೆಗಳಿಗೆ ತಾಗಿಕೊಂಡು ಆಸನಗಳು, ನಟ್ಟನಡುವೆ ಕಾರಂಜಿ, ತಲೆಯ ಮೇಲೆ ಹಕ್ಕಿಗಳು ಮತ್ತು ಹೂಗೊಂಚಲು. ಜನ ಕೂತು ದೀಪ ಮಬ್ಬಾಗುತ್ತಿದ್ದಂತೆ ಹೊಸೆ, ಮೈಕೆಲ್, ಪಿಯರ್, ಫ್ರಿಟ್ಸ್ ಎಂಬ ನಾಲ್ಕು ಮಕಾವ್ ಗಿಳಿಗಳು ಕಣ್ಣುಬಿಡುತ್ತವೆ. ಒಂದರದು ಮೆಕ್ಸಿಕೋದ ರಾಗದ ಇಂಗ್ಲಿಷ್, ಇನ್ನೊಂದರದು ಐರಿಷ್, ಮತ್ತೊಂದರದು ಫ್ರೆಂಚ್, ಕೊನೆಯದರದು ಜರ್ಮನ್. ಅವು ಹರಟುತ್ತವೆ, ಒಂದನ್ನೊಂದು ಕಿಚಾಯಿಸುತ್ತವೆ, ಹಾಡುತ್ತವೆ. ಆಮೇಲೆ ಹೂಗಳು ಬಾಯಿ ತೆರೆದು ಹಾಡುತ್ತವೆ, ಕಂಬದೊಳಗಿನ ಟಿಕಿ ವಿಗ್ರಹಗಳು ಮಂತ್ರ ಹೇಳುತ್ತವೆ, ಹೊರಗೆ ಗುಡುಗಿ ಮಳೆ ಸುರಿಯುತ್ತದೆ. ಕಾಲು ಗಂಟೆಯ ಈ ಆಟದಲ್ಲಿ ಇನ್ನೂರಕ್ಕೂ ಹೆಚ್ಚು ಗೊಂಬೆಗಳಿವೆ. ಮನುಷ್ಯ ನಟ ಒಬ್ಬನೂ ಇಲ್ಲ.

ಈ ಕೋಣೆ ಮೊದಲು ಹೋಟೆಲಾಗಬೇಕಿತ್ತು. ಕಲಾವಿದ ಜಾನ್ ಹೆಂಚ್ ಬರೆದ ನಕಾಶೆಯಲ್ಲಿ ಊಟದ ಮೇಜುಗಳ ಮೇಲೆ ಪಂಜರದ ಹಕ್ಕಿಗಳಿದ್ದವಂತೆ. ಹಕ್ಕಿಗಳು ತಟ್ಟೆಗೇ ಹಿಕ್ಕೆ ಹಾಕುತ್ತವಲ್ಲ ಎಂದು ವಾಲ್ಟ್ ಡಿಸ್ನಿ ತಗಾದೆ ತೆಗೆದು, ಕೊನೆಗೆ ಅವು ಯಂತ್ರದ ಹಕ್ಕಿಗಳಾಗಲಿ ಎಂದು ತೀರ್ಮಾನವಾಯಿತೆಂದು ಉದ್ಯಾನ ಕಟ್ಟಿದವರಲ್ಲಿ ಕತೆಯಿದೆ. ಯಂತ್ರದ ಹಕ್ಕಿಗಳು ಹಾಡತೊಡಗಿದರೆ ಉಣ್ಣಲು ಬಂದವರು ಏಳುವುದೇ ಇಲ್ಲ ಎಂಬುದು ಹೊಳೆದ ಮೇಲೆ ಊಟವನ್ನೇ ಕೈಬಿಟ್ಟರು. ನಡುವಿನ ಕಾರಂಜಿ ನಿಂತಿರುವುದು ಕಾಫಿ ಬಡಿಸುವ ಕಟ್ಟೆಗೆಂದು ಗೊತ್ತುಮಾಡಿದ್ದ ಜಾಗದಲ್ಲಿ. ಆರಂಭದಲ್ಲಿ ಇದಕ್ಕೆ ಪ್ರತ್ಯೇಕ ಟಿಕೆಟ್ ಇತ್ತು, ಬೆಲೆ 75 ಸೆಂಟ್. ಜನರನ್ನು ಕರೆಯಲು ಬಾಗಿಲ ಹೊರಗೆ ಒಂದು ಮಾತಾಡುವ ಗಿಳಿಯನ್ನು ಕೂರಿಸಿದರೆ, ಜನ ಅಲ್ಲೇ ನಿಂತು ದಾರಿ ಕಟ್ಟಿಹೋಯಿತು, ಅದನ್ನು ತೆಗೆಯಬೇಕಾಯಿತು.

ಈ ಗೊಂಬೆಗಳ ವಿದ್ಯೆಗೆ ಆಡಿಯೋ-ಆನಿಮಟ್ರಾನಿಕ್ಸ್ ಎಂದು ಹೆಸರು. ಇದರ ಬೀಜ 1950ರ ದಶಕದ ಆರಂಭದ್ದು. ನಟ ಬಡ್ಡಿ ಎಬ್ಸೆನ್ ಕುಣಿಯುವುದನ್ನು ಗೆರೆ ಎಳೆದ ಪರದೆಯ ಮುಂದೆ ಚಿತ್ರೀಕರಿಸಿ, ಆ ಹೆಜ್ಜೆಗಳನ್ನು ಗೇಣುದ್ದದ ಗೊಂಬೆಗೆ ಕಲಿಸಲು ರೋಜರ್ ಬ್ರಾಗಿ, ವಾಥೆಲ್ ರೋಜರ್ಸ್ ಮುಂತಾದವರು ಹೆಣಗಿದ್ದರು. ಆಗ ಗೊಂಬೆಯನ್ನು ನಡೆಸಿದ್ದು ಹಲ್ಲು-ಗುಬುಟುಗಳ ಲೋಹದ ಚಕ್ರ. ಟಿಕಿ ರೂಮ್‌ನ ವೇಳೆಗೆ ಸೂತ್ರಧಾರನ ಕೆಲಸವನ್ನು ಧ್ವನಿಯೇ ವಹಿಸಿಕೊಂಡಿತ್ತು. ಕಾಂತೀಯ ಟೇಪಿನಲ್ಲಿ ಹಾಡು ಒಂದು ಪಟ್ಟಿಯಲ್ಲಿದ್ದರೆ, ಸನ್ನೆಯ ಸ್ವರಗಳು ಬೇರೆ ಪಟ್ಟಿಗಳಲ್ಲಿ. ಸನ್ನೆಯ ಸ್ವರ ಹೊರಟಾಗ ತೆಳುವಾದ ಲೋಹದ ನಾಲಿಗೆಯೊಂದು ಅದಿರುತ್ತದೆ, ವಿದ್ಯುತ್ ಮಂಡಲ ಕೂಡಿಕೊಳ್ಳುತ್ತದೆ, ಕವಾಟ ತೆರೆದು ಒತ್ತಿದ ಗಾಳಿ ನುಗ್ಗುತ್ತದೆ, ಕೊಕ್ಕು ಬಾಯಿಬಿಡುತ್ತದೆ. ಯಂತ್ರಗಳೆಲ್ಲ ನೆಲದಡಿಯ ಕೋಣೆಯಲ್ಲಿ. ಅವುಗಳ ಕಾವು ಇಳಿಸಲು ಹವಾನಿಯಂತ್ರಣ ಬೇಕಾಯಿತು. ಡಿಸ್ನಿಲ್ಯಾಂಡ್‌ನಲ್ಲಿ ಆ ಸೌಲಭ್ಯ ಮೊದಲು ಬಂದದ್ದು ಗಿಳಿಗಳ ಮನೆಗೆ.

ಯಂತ್ರಕ್ಕಿಂತ ಹೆಚ್ಚು ಕಾಡಿದ್ದು ಹಕ್ಕಿಯ ಎದೆ. ಉಸಿರಾಡುವಂತೆ ಎದೆ ಉಬ್ಬಿ ಇಳಿಯಬೇಕು. ಅಂಟಿಸಿದ ಗರಿ ಆ ಚಲನೆಗೆ ತಾಳದೆ ಕಿತ್ತುಬರುತ್ತಿತ್ತು. ಗೊಂಬೆ ಕಟ್ಟುವ ತಂಡದಲ್ಲಿದ್ದ ಹ್ಯಾರಿಯೆಟ್ ಬರ್ನ್ಸ್ ಒಂದು ಸಭೆಯಲ್ಲಿ ವಾಲ್ಟ್ ತೊಟ್ಟಿದ್ದ ಕ್ಯಾಶ್‌ಮಿಯರ್ ಸ್ವೆಟರನ್ನು ಗಮನಿಸಿದರು. ಮೊಣಕೈ ಮಡಿಸಿ ಬಿಡಿಸಿದಾಗ ಆ ನೇಯ್ಗೆ ಸುಕ್ಕುಗಟ್ಟದೆ ಹಿಗ್ಗಿ ಕುಗ್ಗುತ್ತಿತ್ತು. ಹಕ್ಕಿಗಳ ಎದೆಗೆ ಅಂಥದೇ ನೇಯ್ಗೆ ಬಂತು. ಇಂಥ ಸಣ್ಣ ಸಂಗತಿಗಳು ಅಭಿಮಾನಿಗಳಿಗೆ ಬಾಯಿಪಾಠ. ಮುಂದೆ ಬರುವ ಜಗಳಗಳು ಅರ್ಥವಾಗಬೇಕಾದರೆ ಅವರ ಈ ಶ್ರದ್ಧೆಯನ್ನು ತಿಳಿದಿರಬೇಕು.

1964ರ ನ್ಯೂಯಾರ್ಕ್ ವಿಶ್ವ ಮೇಳದ ಹೊತ್ತಿಗೆ ಮನುಷ್ಯರ ಗೊಂಬೆಗಳೂ ಸಿದ್ಧವಾದವು. ಇಲಿನಾಯ್ ರಾಜ್ಯದ ಮಂಟಪದಲ್ಲಿ ಅಬ್ರಹಾಂ ಲಿಂಕನ್ ಕುರ್ಚಿಯಿಂದ ಎದ್ದು ನಿಂತು ಭಾಷಣ ಮಾಡಿದ. ಜನರಲ್ ಎಲೆಕ್ಟ್ರಿಕ್ ಮಂಟಪದಲ್ಲಿ ಒಂದು ಕುಟುಂಬ ತಲೆಮಾರುಗಳುದ್ದಕ್ಕೂ ವಿದ್ಯುತ್ ಉಪಕರಣಗಳನ್ನು ಕೊಂಡಾಡಿತು. 1966ರ ಡಿಸೆಂಬರಿನಲ್ಲಿ ವಾಲ್ಟ್ ತೀರಿಕೊಂಡ. ಮರುವರ್ಷ ಮಾರ್ಚಿನಲ್ಲಿ ಪೈರೇಟ್ಸ್ ಆಫ್ ದಿ ಕೆರಿಬಿಯನ್, 1969ರಲ್ಲಿ ಹಾಂಟೆಡ್ ಮ್ಯಾನ್ಷನ್ ಎಂಬ ಭೂತಬಂಗಲೆ ತೆರೆದವು. 1971ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಆರಂಭವಾದಾಗ ಗಿಳಿಗಳಿಗೆ ಅಲ್ಲೂ ಒಂದು ಮನೆಯಾಯಿತು.

ಕಲ್ಲಿನ ಗುಡಿಗಿರುವ ಆಯುಸ್ಸು ಇಂಥ ಗೊಂಬೆಗಳಿಗಿಲ್ಲ. ದಿನಕ್ಕೆ ಹತ್ತಾರು ಪ್ರದರ್ಶನ, ವರ್ಷವಿಡೀ ದುಡಿಮೆ. ರಬ್ಬರಿನ ಚರ್ಮ ಬಿರಿಯುತ್ತದೆ, ಎಣ್ಣೆ ಸೋರುತ್ತದೆ, ಗರಿ ಬಣ್ಣಗೆಡುತ್ತದೆ. ಒಳಗಿನದನ್ನೆಲ್ಲ ಕಾಲಕಾಲಕ್ಕೆ ಬದಲಿಸಲೇಬೇಕು. ಆನಾಹೈಮ್‌ನ ಟಿಕಿ ರೂಮ್ ಉದ್ಯಾನದ 2005ರ ಸುವರ್ಣ ಮಹೋತ್ಸವಕ್ಕೆ ಮುನ್ನ ತಿಂಗಳುಗಟ್ಟಲೆ ಮುಚ್ಚಿತ್ತು. ಹಕ್ಕಿಗಳು ಹೊಸತಾದವು, ಹಳೆಯ ಧ್ವನಿಮುದ್ರಿಕೆಯನ್ನು ಡಿಜಿಟಲ್ ವಿಧಾನದಲ್ಲಿ ಶುದ್ಧಗೊಳಿಸಿದರು. ಅಭಿಮಾನಿಗಳು ಇದನ್ನು ಹಬ್ಬದಂತೆ ಬರಮಾಡಿಕೊಂಡರು. 1963ರ ಹಕ್ಕಿ ಹೋಗಿ ಬೇರೆ ಹಕ್ಕಿ ಕೂತಿದೆ ಎಂಬುದು ಯಾರಿಗೂ ನೋವು ತರಲಿಲ್ಲ. ಗೊಂಬೆಯ ಮೈ ಬದಲಾದರೆ ಅದು ಜೀರ್ಣೋದ್ಧಾರ. ಗೊಂಬೆಯ ಬಾಯಲ್ಲಿ ಬೇರೆ ಮಾತಿಟ್ಟಾಗ ಮಾತ್ರ ಊರು ಎರಡಾಗುತ್ತದೆ.

ಫ್ಲಾರಿಡಾದಲ್ಲಿ ಆದದ್ದು ಇದೇ. ತೊಂಬತ್ತರ ದಶಕಕ್ಕೆ ಅಲ್ಲಿನ ಗಿಳಿಮನೆ ಹಳತಾಗಿತ್ತು. ಜನ ಆಟದ ನಡುವೆಯೇ ಎದ್ದು ಹೋಗುತ್ತಿದ್ದರು. 1998ರಲ್ಲಿ ಆಡಳಿತ ಬದಲಾಗಿದೆ ಎಂಬ ಅರ್ಥದ ಅಡಿಹೆಸರು ತಗುಲಿಸಿ ಹೊಸ ಆಟ ಹೂಡಿದರು. ಅಲ್ಲಾದೀನ್ ಚಿತ್ರದ ಕಿರಿಕಿರಿ ಗಿಳಿ ಇಯಾಗೊ ಮತ್ತು ಲಯನ್ ಕಿಂಗ್‌ನ ಜಾಜು ಮಂಟಪದ ಹೊಸ ಯಜಮಾನರಾದರು. ಹಳೆಯ ಗಿಳಿಗಳು ತಮ್ಮ ಹಾಡು ಎತ್ತಿಕೊಂಡ ಕೂಡಲೇ ಇಯಾಗೊ ಬಾಯಿಹಾಕಿ, ಇದೆಲ್ಲ ಸವೆದ ಸರಕು ಎಂದು ಹಂಗಿಸುತ್ತಿದ್ದ. ಅದಕ್ಕೆ ಸಿಟ್ಟಾದ ಟಿಕಿ ದೇವತೆ ಅವನನ್ನು ಶಿಕ್ಷಿಸುವುದು ಕತೆ. ಹಾಸ್ಯವೇನೋ ಇತ್ತು. ಆದರೆ ಹಳೆಯದನ್ನು ಪ್ರೀತಿಸಿ ಬಂದವರ ಮುಖದೆದುರೇ ಹಳೆಯದನ್ನು ಹೀಯಾಳಿಸುವ ಹಾಸ್ಯವದು. ಮನೆಗೆ ಕರೆದು ಅಜ್ಜಿಯನ್ನು ಅಣಕಿಸಿದಂತೆ. ಅಭಿಮಾನಿಗಳು ಹದಿಮೂರು ವರ್ಷ ಅದನ್ನು ಕ್ಷಮಿಸಲಿಲ್ಲ.

2011ರ ಜನವರಿ 12ರಂದು ಆ ಕಟ್ಟಡದ ಅಟ್ಟದಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರಿಗೂ ಅಪಾಯವಾಗಲಿಲ್ಲ, ಇಯಾಗೊ ಗೊಂಬೆ ಮಾತ್ರ ಹಾಳಾಯಿತು. ಟಿಕಿ ದೇವತೆಯೇ ಕೈಯಾರೆ ಲೆಕ್ಕ ತೀರಿಸಿದಳು ಎಂಬ ನಗೆಮಾತು ಹುಟ್ಟದೆ ಇರಲು ಸಾಧ್ಯವೇ? ಅದೇ ಆಗಸ್ಟಿನಲ್ಲಿ ಕೋಣೆ ಮತ್ತೆ ತೆರೆದಾಗ ಹೊಸ ಯಜಮಾನರಿರಲಿಲ್ಲ. ಹಳೆಯ ನಾಲ್ವರೇ ಇದ್ದರು, ಆಟ ಕೊಂಚ ಮೊಟಕಾಗಿತ್ತು, ಹೆಸರಿಗೆ ವಾಲ್ಟ್ ಡಿಸ್ನಿಯ ಹೆಸರೂ ಸೇರಿತ್ತು. ತೋಕಿಯೋ ಡಿಸ್ನಿಲ್ಯಾಂಡ್‌ನ ದಾರಿ ಬೇರೆ. ಅಲ್ಲಿ 1999ರಲ್ಲೊಮ್ಮೆ, 2008ರಲ್ಲಿ ಇನ್ನೊಮ್ಮೆ ಆಟ ಬದಲಾಗಿ, ಈಗ ಡಿಸ್ನಿ ಕಾರ್ಟೂನಿನ ನೀಲಿ ಬಣ್ಣದ ಸ್ಟಿಚ್ ಗಿಳಿಗಳ ನಡುವೆ ತಂಟೆ ಮಾಡುತ್ತಾನೆ.

ಅಭಿಮಾನಿಗಳು ಬರೀ ಗೊಣಗುವವರಲ್ಲ. ಫ್ಲಾರಿಡಾದ ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್ ಎಂಬ ಕಪ್ಪೆರಾಯನ ಸವಾರಿಯನ್ನು ಮುಚ್ಚುವ ಸುದ್ದಿ 1997ರಲ್ಲಿ ಹಬ್ಬಿದಾಗ, ಹಸಿರು ಅಂಗಿ ತೊಟ್ಟವರು ಟಿಕೆಟ್ ಕೊಂಡು ಒಳಹೊಕ್ಕು ಸವಾರಿಯ ಬಳಿ ಸೇರಿ ಪ್ರತಿಭಟಿಸಿದರು. ಈ ಕೂಟಗಳಿಗೆ ಟೋಡ್-ಇನ್ ಎಂದೇ ಹೆಸರು ಬಿತ್ತು. ಫಲ ಸಿಗಲಿಲ್ಲ, 1998ರ ಸೆಪ್ಟೆಂಬರ್ 7ರಂದು ಸವಾರಿ ಕೊನೆಗೊಂಡು ಅಲ್ಲಿಗೆ ವಿನ್ನಿ ದಿ ಪೂ ಎಂಬ ಕರಡಿಯ ಸವಾರಿ ಬಂತು. ಕಟ್ಟಿದವರಿಗೂ ಮನಸ್ಸು ಚುರುಕ್ಕೆಂದಿರಬೇಕು. ಹೊಸ ಸವಾರಿಯೊಳಗೆ ಕಪ್ಪೆರಾಯ ಪೂನ ಗೆಳೆಯ ಗೂಬೆಗೆ ಆಸ್ತಿಪತ್ರ ಒಪ್ಪಿಸುವ ಚಿತ್ರವೊಂದನ್ನು ತೂಗುಹಾಕಿದರು; ಅಲ್ಲಿನ ಭೂತಬಂಗಲೆಯ ಸಾಕುಪ್ರಾಣಿಗಳ ಸ್ಮಶಾನದಲ್ಲಿ ಅವನಿಗೊಂದು ಪ್ರತಿಮೆಯೂ ಉಂಟು.

ಕೆಲವು ಬದಲಾವಣೆಗಳ ಹಿಂದೆ ಯಂತ್ರದ ಸವಕಳಿಯೂ ಇಲ್ಲ, ಜನರ ಬೇಸರವೂ ಇಲ್ಲ. ಕಾಲದ ನೀತಿ ಬದಲಾಗಿದೆ. ಪೈರೇಟ್ಸ್‌ನಲ್ಲಿ ಕಡಲ್ಗಳ್ಳರು ಹೆಂಗಸರನ್ನು ಅಟ್ಟಿಕೊಂಡು ಸುತ್ತುವ ದೃಶ್ಯವಿತ್ತು. ಆನಾಹೈಮ್‌ನಲ್ಲಿ 1997ರಲ್ಲಿ ಆ ಹೆಂಗಸರ ಕೈಗೆ ತಿಂಡಿಯ ತಟ್ಟೆ ಬಂತು. ಕಳ್ಳರ ಕಣ್ಣು ತಿಂಡಿಯ ಮೇಲೆ ಎಂದಾಯಿತು. ಅದೇ ಸವಾರಿಯಲ್ಲಿ ಹೆಂಗಸರನ್ನು ಹರಾಜು ಹಾಕುವ ದೃಶ್ಯವೊಂದಿತ್ತು, ಮಾರ್ಕ್ ಡೇವಿಸ್ ಎಂಬ ದೊಡ್ಡ ಕಲಾವಿದನ ಕೈಯದು. 2018ರಲ್ಲಿ ಅಲ್ಲಿ ಊರ ಜನರಿಂದ ದೋಚಿದ ಮಾಲಿನ ಹರಾಜು ಶುರುವಾಯಿತು; ಹರಾಜಿಗೆ ನಿಂತಿದ್ದ ಕೆಂಗೂದಲ ಹೆಣ್ಣು ಕೋವಿ ಹಿಡಿದ ಕಡಲ್ಗಳ್ಳಿಯಾದಳು. ಡೇವಿಸ್‌ನ ಕೃತಿಗೆ ಕೈಹಾಕಿದ್ದು ಅಪಚಾರವೆಂದರು ಒಂದು ಕಡೆಯವರು. ಹೆಣ್ಣಿನ ಹರಾಜನ್ನು ಮಕ್ಕಳಿಗೆ ತಮಾಷೆಯೆಂದು ತೋರಿಸುವುದೇ ಅಪಚಾರವೆಂದರು ಇನ್ನೊಂದು ಕಡೆಯವರು. ಎರಡನೆಯವರ ಮಾತೇ ಸರಿ. ಆದರೆ ತಿಂಡಿತಟ್ಟೆಯಂಥ ತೇಪೆಯನ್ನು ಯಾರೂ ಮೆಚ್ಚಲಿಲ್ಲ ಎಂಬುದೂ ನೆನಪಿನಲ್ಲಿರಬೇಕು.

ಎಲ್ಲಕ್ಕಿಂತ ದೊಡ್ಡ ವಾಗ್ವಾದ ಎದ್ದದ್ದು ಸ್ಪ್ಲಾಷ್ ಮೌಂಟನ್ ಸುತ್ತ. 1989ರಲ್ಲಿ ಆನಾಹೈಮ್‌ನಲ್ಲಿ ತೆರೆದ ಈ ನೀರಿನ ಸವಾರಿಗೆ ಕತೆ, ಹಾಡು, ಪಾತ್ರಗಳು ಬಂದದ್ದು 1946ರ ಸಾಂಗ್ ಆಫ್ ದಿ ಸೌತ್ ಚಿತ್ರದಿಂದ. ಕರಿಯರು ತೋಟದೊಡೆಯರ ನೆರಳಿನಲ್ಲಿ ಸುಖವಾಗಿದ್ದರೆಂಬಂತೆ ಚಿತ್ರಿಸಿದ ಆ ಸಿನಿಮಾವನ್ನು ಅಮೆರಿಕದಲ್ಲಿ ಮನೆಯಲ್ಲಿ ನೋಡುವ ವಿಡಿಯೊ ರೂಪದಲ್ಲಿ ಕಂಪನಿ ಬಿಡುಗಡೆ ಮಾಡಲೇ ಇಲ್ಲ. ಸವಾರಿಯ ಬಹಳಷ್ಟು ಗೊಂಬೆಗಳು ಅಮೆರಿಕ ಸಿಂಗ್ಸ್ ಎಂಬ ಮುಚ್ಚಿಹೋದ ಪ್ರದರ್ಶನದಿಂದ ತಂದವು. 2020ರ ಜೂನ್‌ನಲ್ಲಿ, ಅಮೆರಿಕದ ಬೀದಿಗಳಲ್ಲಿ ವರ್ಣಭೇದದ ವಿರುದ್ಧ ಜನ ನಿಂತಿದ್ದ ದಿನಗಳಲ್ಲಿ, ಸವಾರಿಯನ್ನು ಪ್ರಿನ್ಸೆಸ್ ಆಂಡ್ ದಿ ಫ್ರಾಗ್ ಚಿತ್ರದ ಟಿಯಾನಾಳಿಗೆ ಒಪ್ಪಿಸುವುದಾಗಿ ಡಿಸ್ನಿ ಪ್ರಕಟಿಸಿತು. ಟಿಯಾನಾ ಆ ಸಂಸ್ಥೆಯ ಮೊದಲ ಕಪ್ಪು ರಾಜಕುಮಾರಿ. ಬದಲಿಸಿ ಎಂದೂ ಬದಲಿಸಬೇಡಿ ಎಂದೂ ಸಹಿಸಂಗ್ರಹ ನಡೆಯಿತು. 2023ರ ಜನವರಿಯಲ್ಲಿ ಫ್ಲಾರಿಡಾದಲ್ಲಿದ್ದ ಇದೇ ಸವಾರಿ ಮುಚ್ಚಿದಾಗ ಅದರ ನೀರನ್ನು ಜಾಡಿಗಳಲ್ಲಿ ತುಂಬಿ ಆನ್‌ಲೈನ್ ಹರಾಜಿಗಿಟ್ಟವರೂ ಇದ್ದರು. ಗಂಗಾಜಲದ ತಂಬಿಗೆ ಕಂಡ ನಾಡಿನವರಿಗೆ ಇದು ತೀರ ವಿಚಿತ್ರವೆನಿಸಲಾರದು.

ಟಿಯಾನಾಳ ಸವಾರಿ ಫ್ಲಾರಿಡಾದಲ್ಲಿ 2024ರ ಜೂನ್ 28ರಂದು, ಆನಾಹೈಮ್‌ನಲ್ಲಿ ಅದೇ ವರ್ಷ ನವೆಂಬರ್ 15ರಂದು ತೆರೆಯಿತು. ಗೊಂಬೆಗಳ ನಯ, ಮುಖಭಾವಗಳನ್ನು ವಿರೋಧಿಗಳೂ ಹೊಗಳಿದರು. ದೂರು ಬಂದದ್ದು ಕತೆಯ ಬಗ್ಗೆ: ಖಳನಿಲ್ಲ, ಗಂಡಾಂತರವಿಲ್ಲ, ಹೀಗಿರುವಾಗ ಕಡಿದಾದ ಜಲಪಾತದಿಂದ ಧುಮುಕುವುದಕ್ಕೆ ಕಾರಣವೇ ಇಲ್ಲ ಎಂದು. ಹಳೆಯದನ್ನು ತೆಗೆದದ್ದು ಸರಿಯಾದರೂ ಅದರ ಜಾಗಕ್ಕೆ ಅಷ್ಟೇ ಗಟ್ಟಿಯಾದ ಕತೆ ಬರಲಿಲ್ಲವೆಂಬ ಈ ಆಕ್ಷೇಪದಲ್ಲಿ ಹುರುಳಿದೆ.

ಇಂಥ ಜಗಳಗಳಲ್ಲಿ ಎರಡೂ ಪಕ್ಷದವರು ಹಿಡಿಯುವ ಗುರಾಣಿ ಒಂದೇ, ವಾಲ್ಟ್ ಡಿಸ್ನಿ. ಜಗತ್ತಿನಲ್ಲಿ ಕಲ್ಪನೆ ಉಳಿದಿರುವವರೆಗೆ ಡಿಸ್ನಿಲ್ಯಾಂಡ್ ಕಟ್ಟಿ ಮುಗಿಯುವುದಿಲ್ಲ ಎಂಬರ್ಥದ ಮಾತು ಅವನದು. ಬದಲಾವಣೆ ಬಯಸುವವರಿಗೆ ಅದು ಸಾಕು. ಇದ್ದುದಕ್ಕೆ ಇನ್ನಷ್ಟು ಸೊಗಸು ಕೂಡಿಸುವ ಕೆಲಸಕ್ಕೆ ಅವನು ಪ್ಲಸಿಂಗ್ ಎನ್ನುತ್ತಿದ್ದ. ಕೂಡಿಸಿ ಎಂದನೇ ಹೊರತು ಕಳೆಯಿರಿ ಎನ್ನಲಿಲ್ಲ ಎಂದು ಹಳೆಯದನ್ನು ಬಯಸುವವರು ತಿರುಗೇಟು ಕೊಡುತ್ತಾರೆ. ವಿಚಿತ್ರವೆಂದರೆ ಹಳಹಳಿಕೆಗೆ ಕಣ್ಣಾರೆ ಕಂಡ ನೆನಪೂ ಬೇಕಿಲ್ಲ. ತನ್ನ ತಲೆಯನ್ನು ಕೈಯಲ್ಲಿದ್ದ ಟೋಪಿ ಡಬ್ಬಿಗೆ ರವಾನಿಸುವ ಭೂತವೊಂದು 1969ರಲ್ಲಿ ಭೂತಬಂಗಲೆಯಲ್ಲಿತ್ತು. ಬೆಳಕಿನ ಚಮತ್ಕಾರ ಸರಿಹೋಗದೆ ಸ್ವಲ್ಪ ಕಾಲದಲ್ಲೇ ಅದನ್ನು ತೆಗೆದರು. ಅದನ್ನು ನೋಡಿದವರೇ ವಿರಳ. ಆದರೂ ಎರಡು ತಲೆಮಾರು ಅದಕ್ಕಾಗಿ ಹಂಬಲಿಸಿತು. 2015ರಲ್ಲಿ ಹೊಸ ತಂತ್ರಜ್ಞಾನದೊಂದಿಗೆ ಟೋಪಿ ಡಬ್ಬಿಯ ಭೂತ ಆನಾಹೈಮ್‌ಗೆ ಮರಳಿತು.

ಕಂಟ್ರಿ ಬೇರ್ ಜಾಂಬೋರಿ ಎಂಬ ಹಾಡುಗಾರ ಕರಡಿಗಳ ಮೇಳ ಫ್ಲಾರಿಡಾದಲ್ಲಿ 1971ರಿಂದ ನಡೆದು 2024ರ ಜನವರಿಯಲ್ಲಿ ನಿಂತಿತು. ಜುಲೈನಲ್ಲಿ ಅದೇ ಕರಡಿಗಳು ಹೊಸ ತುಪ್ಪಳ, ಹೊಸ ಉಡುಪು ತೊಟ್ಟು, ಡಿಸ್ನಿ ಚಿತ್ರಗೀತೆಗಳನ್ನು ಕಂಟ್ರಿ ಧಾಟಿಯಲ್ಲಿ ಹಾಡುತ್ತ ರಂಗಕ್ಕೆ ಮರಳಿದವು. ಹಳೆಯ ಹಾಡುಗಳು ಹೋದದ್ದಕ್ಕೆ ಬೇಸರಪಟ್ಟವರೂ ಕರಡಿಗಳ ಸ್ವಭಾವ ಕೆಡಲಿಲ್ಲವೆಂದು ಸಮಾಧಾನಪಟ್ಟರು. ಇಯಾಗೊನಂತೆ ಯಾರೂ ಬಂದು ಅವುಗಳನ್ನು ಹಂಗಿಸಲಿಲ್ಲ.

ಆನಾಹೈಮ್‌ನ ಕರಡಿಗಳಿಗೆ ಆ ಅದೃಷ್ಟ ಸಿಗಲಿಲ್ಲ. ಅಲ್ಲಿನ ಮೇಳ 2001ರಲ್ಲೇ ಮುಚ್ಚಿ, 2003ರಲ್ಲಿ ಆ ಜಾಗದಲ್ಲಿ ಪೂ ಸವಾರಿ ಶುರುವಾಯಿತು. ಮೇಳದ ಗೋಡೆಯ ಮೇಲಿದ್ದ ಮ್ಯಾಕ್ಸ್, ಬಫ್, ಮೆಲ್ವಿನ್ ಎಂಬ ಜಿಂಕೆ, ಕಾಡೆಮ್ಮೆ, ಮೂಸ್‌ಗಳ ಮಾತಾಡುವ ತಲೆಗಳನ್ನು ಮಾತ್ರ ಕಟ್ಟಿದವರು ಒಳಗೇ ಉಳಿಸಿದ್ದಾರೆ. ಪೂ ಕಾಣುವ ಜೇನಿನ ಕನಸಿನ ದೃಶ್ಯ ದಾಟಿದ ಕೂಡಲೇ ಬಂಡಿಯಲ್ಲಿ ಕೂತಂತೆಯೇ ಹಿಂದಕ್ಕೆ ಕತ್ತು ಹೊರಳಿಸಬೇಕು. ಬಂದ ದಾರಿಯ ಬಾಗಿಲ ಮೇಲೆ, ಕತ್ತಲಲ್ಲಿ, ಮೂರೂ ಇವೆ.